ಹಿತ್ತಲ ಮರಗಳ ಗುರುತು ಮತ್ತು ಬುಡಚಿಗುರಿನ ನಿರ್ವಹಣೆ: ರೋಣ, ನರಗುಂದ, ಗಜೇಂದ್ರಗಡ ಸೀಮೆ

ಬೆಳೆದು ನಿಂತ ಮರದ ಕಾಂಡದ ಬುಡದಿಂದಲೋ ಅದರ ಸುತ್ತಣ ನೆಲದಿಂದಲೋ ಹೊರಡುವ ಹೊಸ ಕುಡಿಗಳಿಗೆ ಬುಡಚಿಗುರು ಎಂಬುದು ಸಾಮಾನ್ಯವಾದ ಹೆಸರು. ಆಡುಮಾತಿನಲ್ಲಿ ಇವನ್ನು ಮರಿ ಎಂದೂ ಬಾಳೆಯಂಥ ಗಿಡಗಳಲ್ಲಿ ಕಂದು ಎಂದೂ ಕರೆಯುತ್ತಾರೆ. ನೋಟಕ್ಕೆ ಒಂದೇ ತೆರನಾಗಿ ಕಂಡರೂ ತೋಟಗಾರಿಕೆಯಲ್ಲಿ ಇವು ಒಂದೇ ಬಗೆಯವಲ್ಲ. ಕಸಿ ಕಟ್ಟಿದ ಚಿಕ್ಕು ಗಿಡದಲ್ಲಿ ಬುಡಚಿಗುರು ಬೇರೊಂದು ಜಾತಿಯ ಮರದ್ದಾಗಿದ್ದು, ಮೇಲಿನ ತಳಿಗೆ ಸಲ್ಲಬೇಕಾದ ನೀರು ಮತ್ತು ಸಾರವನ್ನು ತಾನೇ ಹೀರುತ್ತದೆ. ಕರಿಬೇವಿನಲ್ಲಿ ಅದು ತಾಯಿಗಿಡದ ಗುಣವನ್ನೆಲ್ಲ ಹೊತ್ತ ಹೊಸ ಸಸಿ. ಕಡಿದ ನುಗ್ಗೆಯಲ್ಲಿ ಮುಂದಿನ ಫಸಲಿಗೆ ಅದೇ ಆಧಾರ. ಬೇವಿನ ಕಟ್ಟೆಯ ಕಲ್ಲುಸಂದಿಯಲ್ಲಿ ಕಾಣಿಸಿಕೊಂಡರೆ ಎಷ್ಟೋ ಸಲ ಅದು ಬೇವಿನದ್ದೇ ಆಗಿರದೆ ಹಕ್ಕಿ ತಂದುಹಾಕಿದ ಅರಳಿಯದ್ದಾಗಿರುತ್ತದೆ. ಮರ ಯಾವ ಜಾತಿಯದು, ಅದು ಬೀಜದಿಂದ ಹುಟ್ಟಿದ್ದೋ ಟೊಂಗೆಗೆ ಬೇರು ಬರಿಸಿ ನೆಟ್ಟದ್ದೋ ಕಸಿಯದೋ ಎಂಬ ಎರಡು ಸಂಗತಿಗಳು ಗೊತ್ತಾಗುವ ಮುನ್ನ ಚಿಗುರನ್ನು ಕೀಳಬೇಕೆ, ಉಳಿಸಬೇಕೆ, ಕಿತ್ತು ಬೇರೆಡೆ ನೆಡಬೇಕೆ ಎಂಬುದನ್ನು ತೀರ್ಮಾನಿಸಲು ಬರುವುದಿಲ್ಲ.

ಗದಗ ಜಿಲ್ಲೆಯ ಉತ್ತರ ಭಾಗದಲ್ಲಿರುವ ನರಗುಂದ, ರೋಣ ಮತ್ತು ಈಚಿನವರೆಗೆ ರೋಣಕ್ಕೇ ಸೇರಿದ್ದ ಗಜೇಂದ್ರಗಡ ತಾಲ್ಲೂಕುಗಳು ಶಾಸನಗಳಲ್ಲಿ ಬರುವ ಬೆಳ್ವೊಲ ಮುನ್ನೂರು ಮತ್ತು ಸೂಡಿಯನ್ನು ರಾಜಧಾನಿಯಾಗಿ ಉಳ್ಳ ಕಿಸುಕಾಡು ಎಪ್ಪತ್ತು ಎಂಬ ಹಳೆಯ ನಾಡುಗಳ ನೆಲ. ನರಗುಂದ ಮತ್ತು ರೋಣದ ಬಯಲು ಬಹುಮಟ್ಟಿಗೆ ಎರೆಭೂಮಿ. ಗಜೇಂದ್ರಗಡದ ಗುಡ್ಡಗಳ ಮಗ್ಗುಲಲ್ಲಿ ಕಲ್ಲು ಬೆರೆತ ಮಸಾರಿ ಕಾಣುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯನ್ನು ನಂಬಿ ಬಿಳಿಜೋಳ, ಕಡಲೆ, ಗೋಧಿ, ಹತ್ತಿ ಬೆಳೆಯುವ ಎರೆಹೊಲಗಳಲ್ಲಿ ನೆರಳು ಬೆಳೆಗೆ ಆಗದೆಂಬ ಕಾರಣದಿಂದ ರೈತರು ಮರಗಳನ್ನು ಹೆಚ್ಚಾಗಿ ಬಿಟ್ಟುಕೊಂಡವರಲ್ಲ. ಹೀಗಾಗಿ ಈ ಸೀಮೆಯ ಮರಗಳೆಂದರೆ ಮುಖ್ಯವಾಗಿ ಹಿತ್ತಲಿನ, ಬದುವಿನ, ಗುಡಿಯಂಗಳದ, ಊರ ಕಟ್ಟೆಯ ಮರಗಳು. 1970ರ ದಶಕದಲ್ಲಿ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಿಂದ ಕಾಲುವೆಯ ನೀರು ಹರಿದ ಮೇಲೆ, ಜೊತೆಗೆ ಕೊಳವೆಬಾವಿಗಳು ಬಂದ ಮೇಲೆ, ಪೇರಲ, ಚಿಕ್ಕು, ದಾಳಿಂಬೆ, ಲಿಂಬೆ, ಕಲಮಿ ಮಾವುಗಳು ಹಿತ್ತಲಿಗೂ ಹೊಲಕ್ಕೂ ಇಳಿದವು. ಬೀಜದಿಂದ ಎದ್ದ ಬೇವು, ಹುಣಸೆ, ಬಾರಿಗಳನ್ನಷ್ಟೇ ಅರಿತಿದ್ದ ನೆಲಕ್ಕೆ ಕಸಿಗಿಡಗಳು ಬಂದದ್ದರಿಂದಲೇ ಬುಡಚಿಗುರು ಇಲ್ಲಿ ಯೋಚಿಸಬೇಕಾದ ವಿಷಯವಾಯಿತು.

ಹುಟ್ಟುವ ಜಾಗವನ್ನು ನೋಡಿ ಬುಡಚಿಗುರುಗಳನ್ನು ಬೇರ್ಪಡಿಸಬಹುದು. ಕಾಂಡದ ತೊಗಟೆಯ ಅಡಿಯಲ್ಲಿ ವರ್ಷಗಟ್ಟಲೆ ಅರಳದೆ ಉಳಿಯುವ ಮೊಗ್ಗುಗಳಿಗೆ ಸುಪ್ತಮೊಗ್ಗು ಎನ್ನುತ್ತಾರೆ. ಮರವನ್ನು ಕಡಿದಾಗ, ಬೆಂಕಿ ತಗುಲಿದಾಗ, ಕಾಂಡ ಕೊರಕ ಹುಳುವಿಗೆ ತುತ್ತಾದಾಗ ಇವು ಎಚ್ಚೆತ್ತು ಮೋಟಿನ ಸುತ್ತ ಗುಂಪಾಗಿ ಹೊರಬರುತ್ತವೆ. ಬೇವು, ನುಗ್ಗೆ, ಹುಣಸೆ, ಬಳ್ಳಾರಿ ಜಾಲಿಗಳ ಚಿಗುರು ಈ ಬಗೆಯದು. ಮೊಗ್ಗೇ ಇಲ್ಲದ ಬೇರಿನ ಮೇಲೆ ಹೊಸದಾಗಿ ಮೊಗ್ಗು ಮೂಡಿ ತಾಯಿಮರದಿಂದ ಮಾರುದೂರದಲ್ಲಿಯೂ ನೆಲ ಸೀಳಿ ಏಳುವುದು ಬೇರುಚಿಗುರು. ಕರಿಬೇವು, ಬಿಲ್ವ, ಆಕಾಶಮಲ್ಲಿಗೆ, ಶ್ರೀಗಂಧಗಳಲ್ಲಿ ಇದು ಸಾಮಾನ್ಯ. ಕಸಿಗಿಡದಲ್ಲಿ ಬೇರನ್ನು ಕೊಡುವ ಕೆಳಭಾಗಕ್ಕೆ ಬೇರುಗಿಡವೆಂದೂ ಹಣ್ಣು ಕೊಡುವ ಮೇಲ್ಭಾಗಕ್ಕೆ ಕಸಿಕೊಂಬೆಯೆಂದೂ ಎರಡೂ ಕೂಡಿದ ಉಬ್ಬಿದ ಜಾಗಕ್ಕೆ ಕಸಿಗಂಟೆಂದೂ ಹೆಸರು. ಗಂಟಿನ ಕೆಳಗೆ ಹುಟ್ಟಿದ ಚಿಗುರು ಎಲ್ಲಿಯದಾದರೂ ಬೇರುಗಿಡದ್ದೇ, ಮೇಲೆ ಹುಟ್ಟಿದ್ದು ಕಸಿಕೊಂಬೆಯದ್ದೇ. ಗಂಟಿನ ಮೇಲೆ ಕಾಂಡದಿಂದ ನೆಟ್ಟಗೆ, ಅತಿ ವೇಗವಾಗಿ ಬೆಳೆದು ಕಾಯಿ ಬಿಡದೆ ಹೋಗುವ ರಸಭರಿತ ಕುಡಿಗಳು ನೀರುಗೊಂಬೆಗಳು. ಅವು ಸರಿಯಾದ ತಳಿಯವೇ ಆದರೂ ಮರದ ಒಡಲನ್ನು ಕತ್ತಲಾಗಿಸುತ್ತವೆ. ಇವೆಲ್ಲಕ್ಕೂ ಹೊರತಾಗಿ, ಮರದಡಿ ಬಿದ್ದ ಬೀಜದಿಂದ ಎದ್ದ ಸಸಿ ಚಿಗುರಿನಂತೆಯೇ ಕಂಡು ಕಣ್ಣಿಗೆ ಮೋಸ ಮಾಡುವುದುಂಟು. ಒಂದು ಗೇಣು ಮಣ್ಣು ಬಿಡಿಸಿ ನೋಡಿದರೆ ಸಂದೇಹ ತೀರುತ್ತದೆ: ಸಸಿಗೆ ನೇರವಾಗಿ ಇಳಿದ ತನ್ನದೇ ತಾಯಿಬೇರು ಇರುತ್ತದೆ, ಬೇರುಚಿಗುರು ಅಡ್ಡಡ್ಡ ಹರಿದ ದಪ್ಪ ಬೇರೊಂದಕ್ಕೆ ಅಂಟಿಕೊಂಡಿರುತ್ತದೆ.

ಚಿಗುರು ಏಕೆ ಹೊರಡುತ್ತದೆ ಎಂಬುದಕ್ಕೆ ಕಾರಣ ಮರದ ತುದಿಯಲ್ಲಿದೆ. ಬೆಳೆಯುವ ಕುಡಿಗಳಲ್ಲಿ ಉತ್ಪತ್ತಿಯಾಗಿ ಕೆಳಗಿಳಿಯುವ ಆಕ್ಸಿನ್ ಎಂಬ ಬೆಳವಣಿಗೆಯ ಚೋದಕವು ಕೆಳಗಿನ ಮೊಗ್ಗುಗಳನ್ನು ತಡೆದಿಟ್ಟಿರುತ್ತದೆ. ತುದಿಯನ್ನು ಸವರಿದಾಗ, ಕಾಂಡದ ತೊಗಟೆ ಸುಲಿದಾಗ, ಬೇರು ತುಂಡಾದಾಗ ಈ ತಡೆ ಸಡಿಲುತ್ತದೆ, ಬೇರಿನಿಂದ ಮೇಲೇರುವ ಸೈಟೊಕೈನಿನ್ ಎಂಬ ಇನ್ನೊಂದು ಚೋದಕದ ಪ್ರಭಾವ ಹೆಚ್ಚಿ ಕೆಳಗಿನ ಮೊಗ್ಗುಗಳು ಒಡೆಯುತ್ತವೆ. ಹಾಗಾಗಿ ಹೇರಳವಾಗಿ ಬಂದ ಬುಡಚಿಗುರು ಬಹುಪಾಲು ಮರ ನೊಂದಿರುವುದರ ಗುರುತು. ಎರೆನೆಲದಲ್ಲಿ ಇದಕ್ಕೆ ಹೆಚ್ಚಿನ ಆಸ್ಪದವಿದೆ. ಬೇಸಗೆಯಲ್ಲಿ ಬಾಯ್ಬಿಡುವ ಎರೆಮಣ್ಣು ಸಣ್ಣ ಬೇರುಗಳನ್ನು ಹರಿಯುತ್ತದೆ. ಮಳೆಗಾಲದಲ್ಲೋ ಕಾಲುವೆ ನೀರು ನಿಂತಾಗಲೋ ಅದೇ ಮಣ್ಣು ಗಾಳಿಯಾಡದೆ ಬೇರುಗಳನ್ನು ಉಸಿರುಗಟ್ಟಿಸುತ್ತದೆ. ಇವೆರಡರ ನಡುವೆ ಪಾತಿ ಮಾಡುವವರ ಗುದ್ದಲಿಯೂ ಸಾಲಿನ ಕುಂಟೆಯೂ ಬುಡದ ಬೇರುಗಳನ್ನು ಕೊಯ್ಯುತ್ತವೆ. ಕರಿಬೇವಿನ ಸುತ್ತ ಅಗೆದಷ್ಟೂ ಮರಿಗಳು ಹೆಚ್ಚುತ್ತವೆ ಎಂಬ ಹಿತ್ತಲಿನ ಅನುಭವಕ್ಕೆ ಆಧಾರ ಇದೇ.

ಮರವನ್ನು ಗುರುತಿಸುವಲ್ಲಿ ಹೂ ಮತ್ತು ಕಾಯಿ ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿಗಳು. ಆದರೆ ಬುಡಚಿಗುರಿನಲ್ಲಿ ಅವೆರಡೂ ಇರುವುದಿಲ್ಲವಾದ್ದರಿಂದ ಎಲೆ, ಟೊಂಗೆ, ಹಾಲು, ವಾಸನೆ, ಮುಳ್ಳುಗಳನ್ನೇ ನೆಚ್ಚಬೇಕಾಗುತ್ತದೆ. ಮೊದಲು ನೋಡಬೇಕಾದದ್ದು ಎಲೆಗಳು ಟೊಂಗೆಯ ಮೇಲೆ ಎದುರುಬದುರು ಕೂತಿವೆಯೋ ಒಂದಾದ ಮೇಲೊಂದು ಪರ್ಯಾಯವಾಗಿ ಕೂತಿವೆಯೋ ಎಂಬುದನ್ನು. ಆಮೇಲೆ ಎಲೆ ಒಂಟಿಯೋ ಹಲವು ಕಿರುಎಲೆಗಳು ಸೇರಿದ ಸಂಯುಕ್ತ ಎಲೆಯೋ ಎಂಬುದನ್ನು. ಇವೆರಡರಿಂದಲೇ ಹಿತ್ತಲಿನ ಅರ್ಧ ಮರಗಳು ಬೇರೆಬೇರೆಯಾಗುತ್ತವೆ. ಇಲ್ಲೊಂದು ಎಚ್ಚರಿಕೆ ಅಗತ್ಯ: ಬುಡಚಿಗುರಿನ ಎಲೆಗಳು ಎಳೆತನದ ಎಲೆಗಳಾದ್ದರಿಂದ ಮೇಲಿನ ಬಲಿತ ಎಲೆಗಳಿಗಿಂತ ಎಷ್ಟೋ ಸಲ ದೊಡ್ಡದಾಗಿ, ಮೆತ್ತಗೆ, ಬೇರೆ ಬಣ್ಣದಲ್ಲಿ ಇರುತ್ತವೆ, ಗಾತ್ರ ಮತ್ತು ಬಣ್ಣದ ವ್ಯತ್ಯಾಸವನ್ನಷ್ಟೇ ಕಂಡು ಚಿಗುರು ಬೇರುಗಿಡದ್ದೆಂದು ತೀರ್ಮಾನಿಸುವುದು ತಪ್ಪು. ಎಲೆಯ ಜೋಡಣೆ, ತುದಿಯ ಆಕಾರ, ಅಂಚಿನ ಹಲ್ಲು, ಕಿರುಎಲೆಗಳ ಸಂಖ್ಯೆ ಇಂಥವು ಬದಲಾದರೆ ಮಾತ್ರ ಅದು ಬೇರೆ ಮರ. ಈ ಸೀಮೆಯ ಗಿಡಮರಗಳ ಶಾಸ್ತ್ರೀಯ ವರ್ಣನೆಗೆ, ಧಾರವಾಡ ಪ್ರಾಂತ ಮುಂಬಯಿ ಆಡಳಿತದಲ್ಲಿದ್ದ ಕಾಲದಲ್ಲಿ ಥಿಯೊಡೋರ್ ಕುಕ್ 1901ರಿಂದ 1908ರ ನಡುವೆ ಪ್ರಕಟಿಸಿದ ಮುಂಬಯಿ ಪ್ರಾಂತದ ಸಸ್ಯಸಂಪುಟಗಳೂ ಸೆಸಿಲ್ ಸಲ್ಡಾನಾ ಅವರ ಕರ್ನಾಟಕದ ಸಸ್ಯಸಂಪುಟಗಳೂ ಇಂದಿಗೂ ಆಧಾರಗ್ರಂಥಗಳಾಗಿವೆ.

ಬುಡಚಿಗುರಿನಿಂದ ಆಗುವ ಹಾನಿ ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ಚಿಕ್ಕುವಿನಲ್ಲಿ. ಚಿಕ್ಕು ಅಥವಾ ಸಪೋಟ ಅಮೆರಿಕ ಖಂಡದ ಮೂಲದ್ದು. ಕಸಿ ಕಟ್ಟಲು ಇಲ್ಲಿ ಬಳಸುವ ಬೇರುಗಿಡ ಅದೇ ಕುಟುಂಬಕ್ಕೆ ಸೇರಿದ ನಮ್ಮ ದೇಶದ ಖಿರಣಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಕಾಲಿಪತ್ತಿ ಮತ್ತು ಕ್ರಿಕೆಟ್ ಬಾಲ್ ತಳಿಗಳನ್ನು ಕೂಡಿಸಿ ಪಡೆದ ಡಿಎಚ್‌ಎಸ್-1, ಡಿಎಚ್‌ಎಸ್-2 ಎಂಬ ಮಿಶ್ರತಳಿಗಳಾಗಲಿ ಹಳೆಯ ಕಾಲಿಪತ್ತಿಯೇ ಆಗಲಿ, ಸಸ್ಯಾಗಾರದಿಂದ ಬಂದ ಕಸಿಗಿಡವಾಗಿದ್ದರೆ ಅದರ ಕೆಳಗಿರುವುದು ಸಾಮಾನ್ಯವಾಗಿ ಖಿರಣಿಯೇ. ಎರಡರಲ್ಲೂ ಟೊಂಗೆಯ ತುದಿಯಲ್ಲಿ ಎಲೆಗಳು ಗೊಂಚಲಾಗಿರುತ್ತವೆ, ಎರಡರಲ್ಲೂ ಎಲೆ ಕಿತ್ತರೆ ಬಿಳಿಹಾಲು ಸುರಿಯುತ್ತದೆ. ಇದರಿಂದಾಗಿ ಮನೆಯವರು ಬುಡದ ಚಿಗುರನ್ನೂ ಚಿಕ್ಕುವೆಂದೇ ನಂಬಿ ನೀರೆರೆಯುತ್ತಾರೆ. ಬೇರ್ಪಡಿಸುವ ಗುರುತು ಎಲೆಯ ತುದಿಯಲ್ಲಿದೆ. ಚಿಕ್ಕುವಿನ ಎಲೆ ಎರಡೂ ಕಡೆಗೆ ಸಪುರವಾಗಿ ತುದಿ ಚೂಪಾಗುತ್ತದೆ. ಖಿರಣಿಯ ಎಲೆ ತುದಿಯ ಕಡೆಗೆ ಅಗಲವಾಗಿ, ದಪ್ಪವಾಗಿ, ದುಂಡಾದ ತುದಿಯ ನಡುವೆ ಒಂದು ಕಚ್ಚು ಬಿದ್ದಂತೆ ಇರುತ್ತದೆ. ಗಂಟಿನ ಮೇಲಿನ ಭಾಗ ಒಣಗಿ ಖಿರಣಿಯೇ ಮರವಾದ ಕಡೆ ಕೆಲವು ವರ್ಷಗಳ ನಂತರ ಬೇವಿನ ಹಣ್ಣಿನಷ್ಟೇ ಸಣ್ಣ, ಹಳದಿಯ, ಸಿಹಿಯಾದ ಹಣ್ಣುಗಳು ಬರುತ್ತವೆ. ಚಿಕ್ಕು ಕೆಟ್ಟು ಸಣ್ಣದಾಯಿತೆಂದು ತಿಳಿಯುವವರಿದ್ದಾರೆ. ಅಲ್ಲಿ ಚಿಕ್ಕುವೇ ಉಳಿದಿರುವುದಿಲ್ಲ. ಖಿರಣಿ ನಿಧಾನವಾಗಿ ಬೆಳೆಯುವ, ಬರವನ್ನು ತಾಳುವ ಮರವಾದ್ದರಿಂದ ಅದರ ಚಿಗುರನ್ನು ಎಳೆಯದಾಗಿದ್ದಾಗಲೇ ತೆಗೆಯಲು ಸಾಕಷ್ಟು ಸಮಯ ಸಿಗುತ್ತದೆ. ಚಿಕ್ಕುವನ್ನು ಗೂಟಿ ಕಟ್ಟಿಯೂ, ಅಂದರೆ ಮರದ ಮೇಲಿನ ಟೊಂಗೆಗೇ ಬೇರು ಬರಿಸಿಯೂ ಬೆಳೆಸುವುದುಂಟು. ಅಂಥ ಗಿಡದ ಬುಡಚಿಗುರು ಅದೇ ತಳಿಯದು, ಅದಕ್ಕೆ ಕಚ್ಚುಬಿದ್ದ ಎಲೆ ಇರುವುದಿಲ್ಲ.

ಇದೇ ಪ್ರಶ್ನೆ ಪೇರಲದಲ್ಲಿ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮಲಪ್ರಭೆಯ ದಂಡೆಗಿರುವ ನರಗುಂದ ತಾಲ್ಲೂಕಿನ ಕೊಣ್ಣೂರು ಪೇರಲಕ್ಕೆ ಹೆಸರಾದ ಊರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದಾಗ ಈ ಊರೂ ಸುತ್ತಲಿನ ತೋಟಗಳೂ ಮುಳುಗಿದವು. ನೀರು ನಿಂತ ತೋಟದಲ್ಲಿ ಪೇರಲದ ಸಣ್ಣ ಬೇರುಗಳು ಸತ್ತು, ಮೇಲಿನ ಟೊಂಗೆಗಳು ತುದಿಯಿಂದ ಒಣಗುತ್ತ ಬಂದು, ಗಟ್ಟಿ ಬೇರುಗಳಲ್ಲಿ ಜೀವ ಉಳಿದಿದ್ದರೆ ಬುಡದಿಂದ ಚಿಗುರು ಒಡೆಯುವುದು ಈ ಮರದ ಸ್ವಭಾವ. ಅಂಥ ಮರವನ್ನು ಬುಡಸಹಿತ ಕಿತ್ತು ಹೊಸದನ್ನು ನೆಡಬೇಕೋ ಚಿಗುರನ್ನೇ ಮರವಾಗಿಸಬೇಕೋ ಎಂಬುದು ಗಿಡ ಹೇಗೆ ಹುಟ್ಟಿದ್ದೆಂಬುದನ್ನು ಅವಲಂಬಿಸಿದೆ. ಗೂಟಿಯಿಂದ ಬಂದ ಸರದಾರ್ ಅಥವಾ ಅಲಹಾಬಾದ್ ಸಫೇದ ತಳಿಯ ಗಿಡವಾದರೆ ಅದರ ಚಿಗುರು ಅದೇ ಹಣ್ಣನ್ನು ಕೊಡುತ್ತದೆ; ಒಂದು ಬಲವಾದ ಕುಡಿಯನ್ನು ಉಳಿಸಿ ಉಳಿದವನ್ನು ತೆಗೆದರೆ, ಬೇರು ಆಗಲೇ ನೆಲ ಹಿಡಿದಿರುವುದರಿಂದ ಹೊಸ ಸಸಿಗಿಂತ ಬೇಗ ಫಲಕ್ಕೆ ಬರುತ್ತದೆ. ಕಸಿಗಿಡವಾದರೆ ಬೇರುಗಿಡವೂ ಪೇರಲವೇ ಆಗಿರುವುದರಿಂದ ಎಲೆ ನೋಡಿ ಹೇಳುವುದು ಸಾಧ್ಯವಿಲ್ಲ: ಎದುರುಬದುರಾದ ಎಲೆ, ಎದ್ದುಕಾಣುವ ನರಗಳು, ಎಳೆಯ ಟೊಂಗೆಯ ನಾಲ್ಕು ಮೂಲೆ, ಸುಲಿಯುವ ನುಣುಪು ತೊಗಟೆ ಎಲ್ಲವೂ ಒಂದೇ. ಅಲ್ಲಿ ಕಸಿಗಂಟು ಎಲ್ಲಿದೆ, ಚಿಗುರು ಅದರ ಮೇಲೋ ಕೆಳಗೋ ಎಂಬುದೊಂದೇ ಪ್ರಮಾಣ. ಪ್ರವಾಹದ ಮೆಕ್ಕಲು ಬುಡಕ್ಕೆ ಏರಿ ಗಂಟು ಹೂತುಹೋಗಿದ್ದರೆ ಮೊದಲು ಮಣ್ಣು ತೆಗೆದು ಗಂಟನ್ನು ಹುಡುಕಬೇಕು. ಕಲಮಿ ಮಾವಿನ ಸ್ಥಿತಿಯೂ ಹೀಗೆಯೇ; ನಾಟಿ ಮಾವಿನ ಸಸಿಯ ಮೇಲೆ ಆಪೂಸು ಕಸಿಯಾಗಿರುವಾಗ ಬುಡದ ಕುಡಿಯ ಎಲೆಯೂ ಮಾವಿನ ಎಲೆಯೇ. ಮಾವಿನಲ್ಲಿ ಒಂದು ಅನುಕೂಲವಿದೆ: ಮೇಲಿನ ಕಸಿ ಸತ್ತರೂ ಕೆಳಗಿನ ಚಿಗುರು ಬದುಕಿದ್ದರೆ ಅದರಲ್ಲಿ ನೇರವಾದದ್ದೊಂದನ್ನು ಉಳಿಸಿ, ಪೆನ್ಸಿಲ್ ದಪ್ಪವಾದ ಮೇಲೆ ಮಳೆಗಾಲದಲ್ಲಿ ಅದಕ್ಕೆ ಮೆದುಕಾಂಡ ಕಸಿ ಕಟ್ಟಿ ಬೇಕಾದ ತಳಿಯನ್ನು ಮತ್ತೆ ಪಡೆಯಬಹುದು. ಸತ್ತಿತೆಂದು ಕಿತ್ತೆಸೆಯುವ ಎಷ್ಟೋ ಮಾವಿನ ಬುಡಗಳು ಹೀಗೆ ಉಳಿಸಬಹುದಾದವು.

ದಾಳಿಂಬೆ ಸ್ವಭಾವದಿಂದಲೇ ಪೊದೆ. ಅದರ ಬುಡದಲ್ಲಿ ಚಿಗುರು ಬಾರದ ತಿಂಗಳೇ ಇಲ್ಲ. ನೆರೆಯ ಕೊಪ್ಪಳ, ಬಾಗಲಕೋಟೆ ಜಿಲ್ಲೆಗಳ ಮಸಾರಿ ನೆಲಗಳಂತೆ ಗಜೇಂದ್ರಗಡದ ಕಡೆಯ ಹಗುರ ಮಣ್ಣೂ ಇದಕ್ಕೆ ಒಗ್ಗುತ್ತದೆ. ಭಗ್ವಾ, ಗಣೇಶ, ಮೃದುಲಾ ಮೊದಲಾದ ತಳಿಗಳನ್ನು ಟೊಂಗೆಯಿಂದಲೋ ಗೂಟಿಯಿಂದಲೋ ಅಂಗಾಂಶ ಕೃಷಿಯಿಂದಲೋ ಬೆಳೆಸುವುದರಿಂದ ಬುಡಚಿಗುರು ತಳಿಯ ದೃಷ್ಟಿಯಿಂದ ತಪ್ಪಲ್ಲ. ಆದರೆ ಬಿಟ್ಟರೆ ಗಿಡ ಗಾಳಿ ಬೆಳಕಿಲ್ಲದ ಗೂಡಾಗಿ, ದುಂಡಾಣು ಅಂಗಮಾರಿ ರೋಗಕ್ಕೆ ನೆಲೆಯಾಗುತ್ತದೆ. ಒಂದೇ ಕಾಂಡಕ್ಕೆ ಬೆಳೆಸಿದರೆ ಕಾಂಡಕೊರಕ ಬಿದ್ದಾಗ ಇಡೀ ಗಿಡ ಹೋಗುತ್ತದೆಂಬ ಕಾರಣಕ್ಕೆ ನಮ್ಮಲ್ಲಿ ಮೂರು ನಾಲ್ಕು ಕಾಂಡಗಳನ್ನು ಉಳಿಸಿ ಉಳಿದ ಚಿಗುರನ್ನೆಲ್ಲ ಆಗಾಗ ತೆಗೆಯುವ ಪದ್ಧತಿ ರೂಢಿಯಲ್ಲಿದೆ, ಮತ್ತು ಅದು ಸರಿಯಾದದ್ದು. ಕಾಂಡಗಳಲ್ಲಿ ಒಂದು ಸತ್ತರೆ ಆ ದಿಕ್ಕಿನ ಒಳ್ಳೆಯ ಚಿಗುರೊಂದನ್ನು ಅದರ ಜಾಗಕ್ಕೆ ಬೆಳೆಸಬೇಕು. ಅಂಜೂರಕ್ಕೂ ಇದೇ ಕ್ರಮ ಸಲ್ಲುತ್ತದೆ.

ಲಿಂಬೆಯಲ್ಲಿ ವಿಷಯ ಸರಳ. ಕಾಗ್ಜಿ ಲಿಂಬೆಯನ್ನು ಈ ಭಾಗದಲ್ಲಿ ಬಹುಪಾಲು ಬೀಜದಿಂದಲೇ ಬೆಳೆಸುತ್ತಾರೆ. ಒಂದೇ ಬೀಜದಿಂದ ಹಲವು ಮೊಳಕೆಗಳು ಬರುವ ಈ ಗಿಡದಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದಲೇ ಹುಟ್ಟಿ ತಾಯಿಯಂತೆಯೇ ಇರುತ್ತವೆ. ಮೋಸಂಬಿ ಮತ್ತು ಕಿತ್ತಳೆಗಳನ್ನು ಮಾತ್ರ ಜಂಬೇರಿ ಅಥವಾ ರಂಗಪುರ ಲಿಂಬೆಯ ಮೇಲೆ ಕಣ್ಣುಕಸಿ ಮಾಡಿರುತ್ತಾರೆ; ಅಲ್ಲಿ ಬುಡದಿಂದ ಮುಳ್ಳು ಹೊತ್ತು ಭರದಿಂದ ಏಳುವ ಕುಡಿಯನ್ನು ಕೂಡಲೇ ತೆಗೆಯಬೇಕು. ಬಾರಿ ಗಿಡದಲ್ಲಿಯೂ ಉಮ್ರಾನ್‌ನಂಥ ದೊಡ್ಡ ಹಣ್ಣಿನ ತಳಿಗಳ ಕೆಳಗೆ ಕಾಡುಬಾರಿ ಇರುತ್ತದೆ. ಬೇಸಗೆಯಲ್ಲಿ ಎಲೆಯುದುರಿದಾಗ ಬಾರಿಯನ್ನು ಪ್ರತಿವರ್ಷ ಗಟ್ಟಿಯಾಗಿ ಸವರುವ ಪದ್ಧತಿ ಇರುವುದರಿಂದ, ಸವರಿದ ಮೇಲೆ ಸಣ್ಣ ಎಲೆಯ, ಮುಳ್ಳು ದಟ್ಟವಾದ ಕಾಡುಕುಡಿಗಳು ಗಂಟಿನ ಕೆಳಗಿಂದ ನುಗ್ಗಿ ಬರುವುದನ್ನು ಕಾಯುತ್ತಿರಬೇಕು.

ಇನ್ನು ಬೇರುಚಿಗುರನ್ನು ಸಂಪತ್ತೆಂದು ತಿಳಿಯಬೇಕಾದ ಮರಗಳು. ಕರಿಬೇವು ಇವುಗಳಲ್ಲಿ ಮೊದಲನೆಯದು. ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಬ್ಲ್ಯುಡಿ-1, ಡಿಡಬ್ಲ್ಯುಡಿ-2 ಎಂಬ ಕರಿಬೇವಿನ ತಳಿಗಳನ್ನು ಹೊರತಂದಿದೆ. ಮೊದಲನೆಯದರ ಎಲೆ ಕಡುಹಸಿರಾಗಿ ಹೊಳೆಯುವ, ಹೆಚ್ಚು ಪರಿಮಳದ್ದು, ಚಳಿಗಾಲದಲ್ಲಿ ಚಿಗುರು ಕುಂದುವಂಥದ್ದು. ಎರಡನೆಯದು ಚಳಿಯನ್ನು ತಾಳಿಕೊಂಡು ಚಿಗುರುತ್ತದೆ. ಇಂಥ ತಳಿಯ ಪರಿಮಳ ಬೀಜದ ಸಸಿಯಲ್ಲಿ ಹಾಗೆಯೇ ಬರುತ್ತದೆಂಬ ಭರವಸೆಯಿಲ್ಲ, ಬೇರುಚಿಗುರಿನಲ್ಲಿ ಬರುತ್ತದೆ. ಹಿತ್ತಲಿನಲ್ಲಿ ಒಳ್ಳೆಯ ಘಮದ ಹಳೆಯ ಕರಿಬೇವು ಇದ್ದು ಅದನ್ನು ಹೆಚ್ಚಿಸಿಕೊಳ್ಳಬೇಕೆನ್ನುವವರು, ಗೇಣುದ್ದದ ಮರಿಯನ್ನು ಆರಿಸಿ, ತಾಯಿಯ ಕಡೆಗಿರುವ ಬೇರನ್ನು ಹರಿತವಾದ ಸಲಿಕೆಯಿಂದ ಕತ್ತರಿಸಿ, ಕೂಡಲೇ ಕೀಳದೆ ಕೆಲವು ವಾರ ಅಲ್ಲಿಯೇ ಬಿಟ್ಟು, ತನ್ನ ಬೇರು ಬೆಳೆಸಿಕೊಂಡ ಮೇಲೆ ಮುಂಗಾರಿನ ಹದದಲ್ಲಿ ಮಣ್ಣಿನ ಹೆಂಟೆಯ ಸಮೇತ ಎತ್ತಿ ನೆಡಬೇಕು. ಕತ್ತರಿಸಿದ ದಿನವೇ ಕಿತ್ತ ಮರಿಗಳು ಒಣಗುವುದು ಬೇರು ಸಾಲದೆ.

ಬಿಲ್ವದ ಚಿಗುರಿಗೂ ಇದೇ ವಿಧಾನ. ಗಜೇಂದ್ರಗಡದ ಕಾಲಕಾಲೇಶ್ವರದಿಂದ ಹಿಡಿದು ಊರೂರಿಗೂ ಶಿವಾಲಯಗಳಿರುವ ಈ ಸೀಮೆಯಲ್ಲಿ ಬಿಲ್ವಪತ್ರೆಗೆ ಬೇಡಿಕೆ ತಪ್ಪಿದ್ದಲ್ಲ. ಗುಡಿಯಂಗಳದ ಮರದ ಸುತ್ತ ಏಳುವ ಮರಿಗಳನ್ನು ಕಸವೆಂದು ಕೀಳದೆ ಬೇರೆ ಗುಡಿಗಳಿಗೆ, ಮನೆಗಳಿಗೆ ಕೊಡುವುದೇ ಮೇಲು. ಬಿಲ್ವವೆಂದು ತಿಳಿದು ಬೆಳವಲದ ಗಿಡವನ್ನು ನೆಡುವ ತಪ್ಪು ಮಾತ್ರ ನಡೆಯುತ್ತಿರುತ್ತದೆ. ಎರಡೂ ನಿಂಬೆಯ ಕುಟುಂಬದ ಮುಳ್ಳುಮರಗಳು, ಎರಡರ ಕಾಯಿಯ ಕರಟವೂ ಗಟ್ಟಿ. ಬಿಲ್ವದಲ್ಲಿ ಕಿರುಎಲೆ ಮೂರು. ಬೆಳವಲದಲ್ಲಿ ಐದು, ಏಳು, ಮತ್ತು ಎಲೆಯ ನಡುದಂಟಿಗೆ ಸಪುರವಾದ ರೆಕ್ಕೆಯಿದ್ದು ಹಿಸುಕಿದರೆ ಸೋಂಪಿನ ವಾಸನೆ ಬರುತ್ತದೆ. ಬಿಲ್ವದ ಕಾಯಿ ನುಣುಪು, ಬೆಳವಲದ ಕಾಯಿ ಬೂದುಬಣ್ಣದ ಒರಟು.

ಬೇವಿನ ಹೆಸರಿನಲ್ಲಿ ಹಿತ್ತಲಿಗೆ ಬರುವ ಮರಗಳು ಹಲವು, ಅವುಗಳ ಬುಡಚಿಗುರಿನ ಸ್ವಭಾವ ಬೇರೆಬೇರೆ. ನಿಜವಾದ ಬೇವಿನ ಎಲೆ ಒಂದೇ ದಂಟಿನ ಎರಡು ಬದಿಗೆ ಕಿರುಎಲೆಗಳಿರುವ ಏಕಪಿಚ್ಛಕ, ಕಿರುಎಲೆ ಕುಡಗೋಲಿನಂತೆ ಬಾಗಿ ಬುಡದಲ್ಲಿ ಓರೆಯಾಗಿರುತ್ತದೆ. ಹುಚ್ಚುಬೇವಿನಲ್ಲಿ ದಂಟು ಮತ್ತೆ ಕವಲೊಡೆದು ಕಿರುಎಲೆಗಳನ್ನು ಹೊರುತ್ತದೆ. ಅದರ ಹೂ ನಸುನೇರಳೆ, ಎಲೆ ಉದುರಿದ ಮೇಲೂ ಟೊಂಗೆಯಲ್ಲಿ ಜೋತಾಡುವ ದುಂಡು ಕಾಯಿಗಳು ವಿಷಕಾರಿ. ಈಚೆಗೆ ಹೊಲದ ಬದುವಿನಲ್ಲಿ ನೆಡುತ್ತಿರುವ ಹೆಬ್ಬೇವು ಇದರ ಹತ್ತಿರದ ನೆಂಟ. ಎಲೆಯನ್ನಷ್ಟೇ ಕಂಡು ಬೇವಿನ ಗುಂಪಿಗೆ ಸೇರಿಸಲಾಗುವ ಇನ್ನೊಂದು ಮರ, ಕಚೇರಿ ಮತ್ತು ಶಾಲೆಗಳ ಆವರಣದಲ್ಲಿ ಎತ್ತರಕ್ಕೆ ನಿಲ್ಲುವ ಆಕಾಶಮಲ್ಲಿಗೆ. ಅದರ ತೊಗಟೆ ಬೆಂಡಿನಂತೆ ಬಿರುಕುಬಿಟ್ಟಿರುತ್ತದೆ. ಬೇವು ಮತ್ತು ಹುಚ್ಚುಬೇವುಗಳಲ್ಲಿ ಎಲೆ ಪರ್ಯಾಯವಾಗಿದ್ದರೆ ಇದರಲ್ಲಿ ಎದುರುಬದುರು. ಈ ಒಂದು ಗುರುತು ಹೂವಿಲ್ಲದ ಕಾಲದಲ್ಲಿಯೂ ತಪ್ಪುವುದಿಲ್ಲ. ಆಕಾಶಮಲ್ಲಿಗೆ ನಮ್ಮಲ್ಲಿ ಬೀಜ ಕಟ್ಟುವುದು ಅಪರೂಪ, ಬೇರುಚಿಗುರಿನಿಂದಲೇ ಹಬ್ಬುತ್ತದೆ. ಮನೆಯ ಪಾಯ, ನೀರಿನ ತೊಟ್ಟಿಗಳ ಹತ್ತಿರ ಅದನ್ನು ನೆಡದಿರುವುದೇ ವಿವೇಕ, ನೆಟ್ಟಾಗಿದ್ದರೆ ಸುತ್ತಲಿನ ನೆಲವನ್ನು ಅಗೆಯದಿರುವುದು ಮುಖ್ಯ.

ಬೇವಿನ ಕಟ್ಟೆಯಲ್ಲಿ ಏಳುವ ಅರಳಿ ಮತ್ತು ಆಲದ ಸಸಿಗಳು ಬುಡಚಿಗುರಲ್ಲ. ಹೃದಯದಾಕಾರದ ಎಲೆಗೆ ಬಾಲದಂಥ ಉದ್ದ ತುದಿಯಿದ್ದು ಕಿತ್ತಾಗ ಹಾಲು ಬಂದರೆ ಅದು ಅರಳಿ, ಬೇವಿಗೆ ಹಾಲಿಲ್ಲ. ಬೇವು ಅರಳಿಗಳ ಜೋಡಿಯನ್ನು ಪೂಜಿಸುವ ಊರುಗಳಲ್ಲಿ ಅದನ್ನು ಕೀಳಲು ಮನಸ್ಸು ಬಾರದಿದ್ದರೆ, ಬೆರಳುದ್ದವಿರುವಾಗಲೇ ಸಂದಿಯಿಂದ ಬೇರುಸಹಿತ ಬಿಡಿಸಿ ಬಯಲಿನಲ್ಲಿ ನೆಟ್ಟರೆ ಎರಡೂ ಮರಗಳು ಉಳಿಯುತ್ತವೆ. ಬಿಟ್ಟರೆ ಬೇರು ಕಟ್ಟೆಯನ್ನು ಸೀಳುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ ಎಷ್ಟು ಕಡಿದರೂ ಹೋಗದ ಮರ ಬಳ್ಳಾರಿ ಜಾಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಭಾರತಕ್ಕೆ ಬಂದ ಈ ಅಮೆರಿಕ ಮೂಲದ ಮರವನ್ನು ನಮ್ಮ ಗೊಬ್ಬಳಿ ಜಾಲಿಯಿಂದ ಬೇರ್ಪಡಿಸುವುದು ಹೂವಿನಿಂದ ಸುಲಭ: ಗೊಬ್ಬಳಿಯದು ದುಂಡಾದ ಹಳದಿ ಚೆಂಡು, ಬಳ್ಳಾರಿ ಜಾಲಿಯದು ಬೆರಳಿನಂತೆ ನೀಳವಾದ ತೆನೆ, ಗೊಬ್ಬಳಿಯ ಕಾಯಿ ಮಣಿಗಳನ್ನು ಪೋಣಿಸಿದಂತೆ ಬೀಜಬೀಜದ ನಡುವೆ ಸೊರಗಿರುತ್ತದೆ. ಬಳ್ಳಾರಿ ಜಾಲಿಯ ಸುಪ್ತಮೊಗ್ಗುಗಳು ನೆಲಮಟ್ಟದ ಕೆಳಗಿನ ಬೇರುಬುಡದಲ್ಲಿ ಅಡಗಿರುವುದರಿಂದ ಕೊಡಲಿಯಿಂದ ನೆಲಸಮ ಕಡಿಯುವುದು ಒಂದು ಕಾಂಡದ ಬದಲಿಗೆ ಹತ್ತನ್ನು ಎಬ್ಬಿಸಿದಂತೆ. ಬುಡದ ಸುತ್ತ ಮೊಣಕೈಯುದ್ದ ಆಳಕ್ಕೆ ಅಗೆದು ಬೇರುಬುಡವನ್ನೇ ಹೊರತೆಗೆದರೆ ಮಾತ್ರ ಅದು ತೀರುತ್ತದೆ.

ತೆಗೆಯಬೇಕಾದ ಚಿಗುರನ್ನು ತೆಗೆಯುವ ಕ್ರಮದಲ್ಲಿ ಕಾಲವೇ ಅರ್ಧ ಕೆಲಸ. ಮುಂಗಾರು ಮತ್ತು ಹಿಂಗಾರು ಮಳೆಗಳ ನಂತರ ಚಿಗುರು ಹೆಚ್ಚು. ಆ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಬುಡವನ್ನು ನೋಡುತ್ತಿದ್ದರೆ ಬೆರಳುದ್ದದ ಎಳೆ ಕುಡಿಯನ್ನು ಕೈಯಿಂದಲೇ ಪಕ್ಕಕ್ಕೆ ಎಳೆದು, ಹುಟ್ಟಿದ ಮೊಗ್ಗಿನ ಗಂಟಿನ ಸಮೇತ ಕಿತ್ತುಹಾಕಬಹುದು, ಮತ್ತು ಹೀಗೆ ಕಿತ್ತದ್ದು ಅದೇ ಜಾಗದಿಂದ ಮತ್ತೆ ಬರುವುದು ಕಡಿಮೆ. ಬಲಿತ ಚಿಗುರನ್ನು ನೆಲಮಟ್ಟಕ್ಕೆ ಕತ್ತರಿಸಿದರೆ ಉಳಿದ ಮೋಟಿನಲ್ಲಿರುವ ಮೊಗ್ಗುಗಳೆಲ್ಲ ಒಡೆದು ಪೊದೆಯಾಗುತ್ತದೆ. ಮಣ್ಣು ಸರಿಸಿ, ಕಾಂಡವನ್ನೋ ಬೇರನ್ನೋ ಅದು ಸೇರುವ ಜಾಗವನ್ನು ಕಣ್ಣಾರೆ ಕಂಡು, ಹರಿತವಾದ ಕತ್ತರಿಯಿಂದ ಅಂಟಿಕೊಂಡಂತೆ ಕತ್ತರಿಸಬೇಕು, ತಾಯಿಯ ತೊಗಟೆ ಸುಲಿಯಬಾರದು. ಬೆರಳಿಗಿಂತ ದಪ್ಪನೆಯ ಗಾಯಕ್ಕೆ ಬೋರ್ಡೊ ಮುಲಾಮು ಸವರುವುದು ಒಳ್ಳೆಯದು: 100 ಗ್ರಾಂ ಮೈಲುತುತ್ತ ಮತ್ತು 100 ಗ್ರಾಂ ಸುಟ್ಟ ಸುಣ್ಣವನ್ನು ಬೇರೆಬೇರೆಯಾಗಿ ಅರ್ಧರ್ಧ ಲೀಟರ್ ನೀರಿನಲ್ಲಿ ಕರಗಿಸಿ, ಕಬ್ಬಿಣದ್ದಲ್ಲದ ಪಾತ್ರೆಯಲ್ಲಿ ಕೂಡಿಸಿದರೆ ಇದು ಸಿದ್ಧ. ದಾಳಿಂಬೆಯಲ್ಲಿ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕತ್ತರಿಯನ್ನು ಸೋಂಕುನಾಶಕದಲ್ಲಿ ಅದ್ದಬೇಕು. ಕಸಿಗಿಡ ನೆಡುವಾಗಲೇ ಗಂಟನ್ನು ನೆಲಕ್ಕಿಂತ ಒಂದು ಗೇಣಾದರೂ ಮೇಲಿಡುವುದು, ಬುಡಕ್ಕೆ ಮಣ್ಣೇರಿಸದಿರುವುದು, ನೀರಿನ ಪಾತಿಯನ್ನು ಕಾಂಡಕ್ಕೆ ತಾಗದಂತೆ ಹೊರಗೆ ಮಾಡುವುದು, ಅಗೆಯುವ ಬದಲು ಜೋಳದ ಕಣಿಕೆ, ಒಣ ಎಲೆಗಳ ಹೊದಿಕೆ ಹಾಕಿ ಕಳೆಯನ್ನು ತಡೆಯುವುದು, ಇವು ಚಿಗುರನ್ನು ಹುಟ್ಟದಂತೆಯೇ ತಡೆಯುವ ಉಪಾಯಗಳು.

ಬುಡಚಿಗುರಿಗೆ ಕಳೆನಾಶಕ ಸಿಂಪಡಿಸುವುದು ಈಚೆಗೆ ಹೆಚ್ಚುತ್ತಿರುವ ದುರಭ್ಯಾಸ. ಗ್ಲೈಫೋಸೇಟ್‌ನಂಥ ಅಂತರ್ವ್ಯಾಪಿ ವಿಷ, ಅಂದರೆ ಎಲೆಯಿಂದ ಹೀರಲ್ಪಟ್ಟು ಗಿಡದ ಒಡಲೆಲ್ಲ ಹರಿಯುವ ವಿಷ, ಚಿಗುರಿನ ಎಲೆಯ ಮೂಲಕ ತಾಯಿಯ ಬೇರಿಗೇ ಇಳಿಯುತ್ತದೆ. ಚಿಗುರು ಮತ್ತು ಮರ ಒಂದೇ ದೇಹ ಎಂಬುದನ್ನು ಮರೆತವರು ಮರವನ್ನೇ ಕಳೆದುಕೊಳ್ಳುತ್ತಾರೆ. ಉಪ್ಪು, ಸೀಮೆಎಣ್ಣೆ ಸುರಿಯುವುದೂ ಅಷ್ಟೇ ಕೆಡುಕು, ಎರೆಮಣ್ಣಿನಲ್ಲಿ ಉಪ್ಪು ಬೇಗ ಬಸಿದುಹೋಗುವುದೂ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯುವುದೆಂಬ ಮಾತಿನಲ್ಲಿ ತೊಗಟೆ ಸುಲಿದೋ ವಿಷ ಹಾಕಿಯೋ ಮರವನ್ನು ಕೊಲ್ಲುವುದೂ ಸೇರುತ್ತದೆ. ಶ್ರೀಗಂಧದಲ್ಲಿ ಇನ್ನಷ್ಟು ಎಚ್ಚರ ಬೇಕು. 2001ರ ಕಾನೂನು ತಿದ್ದುಪಡಿಯಿಂದ ಜಮೀನಿನ ಒಡೆಯನೇ ಗಂಧದ ಮರದ ಒಡೆಯನಾಗಿದ್ದರೂ ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದು ಪಕ್ಕದ ಗಿಡಗಳ ಬೇರಿನಿಂದ ನೀರು ಮತ್ತು ಲವಣ ಹೀರಿ ಬದುಕುವ ಅರೆಪರಾವಲಂಬಿಯಾದ್ದರಿಂದ, ಅದರ ಬುಡದ ಹತ್ತಿರ ಇರುವ ತೊಗರಿಯೋ ಹೊಂಗೆಯೋ ಆಸರೆಗಿಡವಾಗಿರಬಹುದು; ಚಿಗುರೆಂದು ತಿಳಿದು ಅದನ್ನು ಕಿತ್ತರೆ ಗಂಧದ ಗಿಡ ಸೊರಗುತ್ತದೆ.

ಮನೆಯಲ್ಲಿ ತೀರ್ಮಾನಕ್ಕೆ ಬರಲಾಗದ ಮರಗಳಿಗೆ ಗದಗದ ಬಳಿಯ ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರ, ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿ, 2008ರಲ್ಲಿ ಸ್ಥಾಪಿತವಾದ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಗಳಲ್ಲಿ ಸಲಹೆ ಪಡೆಯಬಹುದು. ಹೋಗುವವರು ಒಂದೇ ಎಲೆಯನ್ನು ಒಯ್ಯದೆ, ಮರದ ಮೇಲಿನ ಟೊಂಗೆಯೊಂದನ್ನೂ ಬುಡಚಿಗುರಿನ ಟೊಂಗೆಯೊಂದನ್ನೂ ನಾಲ್ಕೈದು ಎಲೆಗಳ ಸಮೇತ ಬೇರೆಬೇರೆ ಕಟ್ಟಿ, ಸಿಕ್ಕರೆ ಹೂ ಮತ್ತು ಕಾಯಿಯನ್ನೂ, ಚಿಗುರು ನೆಲದಡಿ ಎಲ್ಲಿಗೆ ಸೇರಿದೆ ಎಂಬುದರ ಚಿತ್ರವನ್ನೂ ಒಯ್ಯಬೇಕು. ಗುರುತು ಸಿಗುವವರೆಗೆ ಕತ್ತರಿ ಹಾಕಬಾರದು.